ಕಾಕಂಬಿ ಹೊಂಡದಿಂದ ಎದ್ದುಬಂದ ಪದ್ಮಿನಿ

2024ರ ಜನವರಿಯ ಒಂದು ಭಾನುವಾರ ನನ್ನ ಹಳೆಯ ಪ್ರೀಮಿಯರ್ ಪದ್ಮಿನಿ ಕಾರು (ಜನ ಫಿಯೆಟ್ ಎಂದೇ ಕರೆಯುವುದು) ಗೋವಾದ ಕೇರಿಯ ಕಡೆಯಿಂದ ಚೋರ್ಲಾ ಘಾಟ್ ಹತ್ತಿ ಮೇಲೆ ಬಂದಾಗ, ಡ್ಯಾಶ್‌ಬೋರ್ಡಿನ ಕೆಳಗೆ ನಾನೇ ಕೂರಿಸಿದ್ದ ಟೆಂಪರೇಚರ್ ಮೀಟರಿನ ಮುಳ್ಳು ತೊಂಬತ್ತನ್ನು ಮುಟ್ಟಿರಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಉಸ್ತಾದ್ ಘಾಟಿನ ಉದ್ದಕ್ಕೂ ಕಾಡಿನ ಕಡೆ ತಿರುಗಿಯೂ ನೋಡಲಿಲ್ಲ, ಕಣ್ಣು ಆ ಮುಳ್ಳಿನ ಮೇಲೆಯೇ ಇತ್ತು. ಕಾರು ಕುದಿದರೆ ಇರಲಿ ಎಂದು ಕಾಲ ಬಳಿ ಹತ್ತು ಲೀಟರ್ ನೀರಿನ ಕ್ಯಾನ್ ಇಟ್ಟುಕೊಂಡು ಬಂದಿದ್ದರು. ಕಣಕುಂಬಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಆ ಕ್ಯಾನಿನ ಮುಚ್ಚಳ ತೆಗೆದು ಮುಖ ತೊಳೆದುಕೊಂಡರು. ಅಷ್ಟೇ. ಬಾಯಲ್ಲಿ ಏನೂ ಹೇಳಲಿಲ್ಲ. ನಲವತ್ತು ವರ್ಷ ಬೆಳಗಾವಿಯಲ್ಲಿ ಫಿಯೆಟ್ ಮತ್ತು ಅಂಬಾಸಿಡರ್‌ಗಳ ತಗಡು ತಟ್ಟಿದ ಮನುಷ್ಯ ಅವರು. ನಾನು ತುಕ್ಕು ತೆಗೆಯಲು ಕಾಕಂಬಿ, ಅಂದರೆ ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ, ಬಳಸುತ್ತೇನೆ ಎಂದಾಗ ಮೊದಲು ತಲೆ ಅಲ್ಲಾಡಿಸಿದವರೂ ಅವರೇ.

ಹಾಗಾಗಿ ತುಕ್ಕು ಹಿಡಿದ ಈ ಕಾರನ್ನು ಕಾಕಂಬಿಯಿಂದ ಎಬ್ಬಿಸಿದ ಕತೆ ಬರೆಯುವ ಅಧಿಕಾರ ನನಗೆ ಈಗ ಬಂದಿದೆ ಎಂದುಕೊಂಡಿದ್ದೇನೆ. ಫಿಯೆಟ್ ಬಿಚ್ಚಿ ಜೋಡಿಸಿದವರಿಗಾಗಿ ಬರೆಯುತ್ತಿದ್ದೇನೆ. ಪಾನಾ (ಸ್ಪ್ಯಾನರ್) ಹಿಡಿಯುವುದನ್ನು ಇಲ್ಲಿ ಹೇಳಿಕೊಡುವುದಿಲ್ಲ. ಲೆಕ್ಕದ ಚೀಟಿಗಳು ಅರ್ಧ ಕಳೆದಿವೆ, ಅಂಕಿಗಳು ನೆನಪಿನಿಂದ ಬಂದವು. ಐನೂರೋ ಸಾವಿರವೋ ರೂಪಾಯಿ ಆಚೀಚೆ ಇರಬಹುದು.

ಕಾರು ಎಂಬತ್ತರ ದಶಕದ ಮೊದಲ ವರ್ಷಗಳದ್ದು. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ ಹೊರಬಂದ ಅದೇ ದೇಹ, ಅದೇ 1089 ಸಿಸಿ ಎಂಜಿನ್, ಸ್ಟಿಯರಿಂಗ್ ಪಕ್ಕದ ಅದೇ ಹ್ಯಾಂಡ್ ಗೇರ್. ನಿಪ್ಪಾಣಿಯಲ್ಲಿ ತಂಬಾಕು ವ್ಯಾಪಾರಿಯೊಬ್ಬರ ಗೋದಾಮಿನ ಮೂಲೆಯಲ್ಲಿ ಹದಿನಾಲ್ಕು ವರ್ಷ ನಿಂತಿತ್ತು. 2019ರ ದೀಪಾವಳಿಯ ನಂತರ ನಲವತ್ತೆರಡು ಸಾವಿರಕ್ಕೆ ಮಾತಾಯಿತು. ಟೆಂಪೋ ಬಾಡಿಗೆ ನಾಲ್ಕೂವರೆ ಸಾವಿರ ಬೇರೆ. ಬೆಳಗಾವಿಯ ಅಂಗೋಳದ ನಮ್ಮ ಮನೆಯ ಮುಂದೆ ಇಳಿಸುವಾಗ ಎಡಗಡೆಯ ಹಿಂದಿನ ಬಾಗಿಲಿನ ಕೆಳಭಾಗ ಟೆಂಪೋದಲ್ಲಿಯೇ ಉಳಿಯಿತು. ಮಡ್‌ಗಾರ್ಡಿಗೆ ಬೆರಳಿನಿಂದ ಒತ್ತಿದೆ, ಬೆರಳು ಒಳಗೆ ಹೋಯಿತು. ಕೆದಕಿ ನೋಡಿದರೆ ತೂತಿಗೆ ಗೋಣಿಚೀಲದ ತುಂಡು ಮತ್ತು ಮರಾಠಿ ಪತ್ರಿಕೆ ತುರುಕಿ, ಮೇಲೆ ಒಂದು ಸೆಂಟಿಮೀಟರ್ ದಪ್ಪ ಲಂಬಿ (ಪುಟ್ಟಿ) ಮೆತ್ತಿದ್ದರು.

ಹಳೆ ಕಾರುಗಳನ್ನೇ ಮಾಡುವ ಒಂದು ಗ್ಯಾರೇಜಿನಲ್ಲಿ ಕೇಳಿದೆ. ಆರೂವರೆ ಲಕ್ಷ, ಎರಡು ವರ್ಷ ಎಂದರು. ನನ್ನ ಬಳಿ ಅಷ್ಟು ಹಣವಿರಲಿಲ್ಲ. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗಿನಲ್ಲಿ ಇಪ್ಪತ್ತೆರಡು ವರ್ಷ ಮಿಲ್ಲಿಂಗ್ ಮೆಷಿನ್ ಮೇಲೆ ನಿಂತ ಕೈ ಇತ್ತು, ಮನೆಯ ಹಿಂದೆ ಹಿತ್ತಲಿತ್ತು, ವಾರಕ್ಕೊಂದು ಭಾನುವಾರ ಇತ್ತು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಬಚ್ಚಲು ತೊಳೆಯುವ ಆಸಿಡ್ ತಂದು ಎರಡು ಬಾಗಿಲು ಮತ್ತು ಡಿಕ್ಕಿಯ ಮುಚ್ಚಳಕ್ಕೆ ಹಚ್ಚಿದೆ. ಹತ್ತು ನಿಮಿಷದಲ್ಲಿ ಹೊಗೆ ಎದ್ದು ತುಕ್ಕು ಕರಗಿತು, ತಗಡು ಬೆಳ್ಳಗಾಯಿತು, ನನಗೆ ಖುಷಿಯೋ ಖುಷಿ. ತೊಳೆದು ಒರೆಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಅರಿಶಿನ ಬಳಿದಂತೆ ಇಡೀ ತಗಡು ಹಳದಿ. ಮತ್ತೆ ಉಜ್ಜಿದೆ, ಪ್ರೈಮರ್ ಹೊಡೆದೆ. ಮೂರು ತಿಂಗಳು ಚೆನ್ನಾಗಿತ್ತು. ಆಮೇಲೆ ಬಾಗಿಲಿನ ಅಂಚಿನಲ್ಲಿ, ಹೊರತಗಡು ಒಳತಗಡಿನ ಮೇಲೆ ಮಡಚಿಕೊಳ್ಳುವ ಆ ಸಂದಿಯಲ್ಲಿ, ಪ್ರೈಮರ್ ಗುಳ್ಳೆ ಗುಳ್ಳೆಯಾಗಿ ಎದ್ದಿತು. ಆಸಿಡ್ ಮಡಿಕೆಯ ಒಳಗೆ ಸೇರಿ ಕುಳಿತಿತ್ತು, ಎಷ್ಟು ನೀರು ಹೊಡೆದರೂ ಬಂದಿರಲಿಲ್ಲ. ಅದಕ್ಕಿಂತ ಹೆಚ್ಚು ಹೊಟ್ಟೆ ಉರಿದದ್ದು ಇನ್ನೊಂದಕ್ಕೆ: ಆಸಿಡ್ ಬಾಟಲಿ ಇಟ್ಟ ಅದೇ ಕೋಣೆಯಲ್ಲಿ ನನ್ನ ಮೈಕ್ರೋಮೀಟರ್ ಮತ್ತು ಬೋರ್ ಗೇಜ್ ಇದ್ದವು. ಬಾಟಲಿಯ ಆವಿಗೆ ಅವುಗಳ ಮೈಮೇಲೆಲ್ಲ ಕಂದು ಚುಕ್ಕೆ ಬಿದ್ದಿತ್ತು. ಬಾಗಿಲಿನ ತಗಡು, ಪ್ರೈಮರ್, ಹಾಳಾದ ಉಪಕರಣ ಎಲ್ಲ ಸೇರಿ ಹನ್ನೊಂದು ಸಾವಿರ ನೀರಿಗೆ ಹಾಕಿದಂತಾಯಿತು.

ಆಗ ಲಾಕ್‌ಡೌನ್ ಬಂತು. ಗೋಕಾಕದ ಕಡೆ ನಮ್ಮ ಸೋದರಮಾವನ ಹೊಲವಿದೆ. ಅಲ್ಲಿ ದನಗಳಿಗೆ ಒಣಮೇವಿನ ಮೇಲೆ ಕಾಕಂಬಿ ಚಿಮುಕಿಸಿ ಹಾಕುತ್ತಾರೆ. ಕಾಕಂಬಿ ಕಲಸುತ್ತಿದ್ದ ಬಕೆಟ್ಟಿನಲ್ಲಿ ಒಂದು ಹಳೆಯ ಕುಡುಗೋಲು ಬಿದ್ದು ಎಷ್ಟೋ ದಿನವಾಗಿತ್ತಂತೆ. ಮಾವ ಅದನ್ನು ಎತ್ತಿ ನೀರಿನಲ್ಲಿ ಜಾಲಿಸಿದಾಗ ಮುಳುಗಿದ್ದ ಭಾಗ ಹೊಸ ಕಬ್ಬಿಣದಂತೆ ಬೂದು ಬಣ್ಣ, ಮೇಲಿದ್ದ ಭಾಗ ತುಕ್ಕು. ನಡುವೆ ಚಾಕುವಿನಿಂದ ಗೆರೆ ಎಳೆದಂತೆ ಇತ್ತು. ಆ ಕುಡುಗೋಲನ್ನು ಕೇಳಿ ತೆಗೆದುಕೊಂಡು ಬಂದೆ. ಈಗಲೂ ನನ್ನ ಕೆಲಸದ ಮೇಜಿನ ಮೇಲೆ ತೂಗುಹಾಕಿದ್ದೇನೆ.

ಉಸ್ತಾದರಿಗೆ ತೋರಿಸಿದೆ. "ತಮ್ಮಾ, ಕುಡುಗೋಲು ಬೇರೆ, ಗಾಡಿ ಬೇರೆ. ಕಬ್ಬಿಣಕ್ಕೆ ಬೆಲ್ಲ ತಿನ್ನಿಸಿದರೆ ಅದಕ್ಕೂ ಸಕ್ಕರೆ ಕಾಯಿಲೆ ಬರುತ್ತದೆ" ಎಂದರು. ಸುತ್ತ ಇದ್ದ ಹುಡುಗರೆಲ್ಲ ನಕ್ಕರು.

ಮೊದಲ ಪ್ರಯತ್ನಕ್ಕೆ ಕಾಕಂಬಿಯ ಬದಲು ಮಳೆಗೆ ನೆಂದು ಕರಗಿದ ಕರಿಬೆಲ್ಲ ಬಳಸಿದೆ, ಮಾವನ ಕಡೆಯಿಂದ ಪುಕ್ಕಟೆ ಸಿಕ್ಕಿತ್ತು. ಮೂರು ವಾರ ಇಟ್ಟರೂ ಅರ್ಧಂಬರ್ಧ ಕೆಲಸ, ಮೇಲೆ ಎರಡು ಬೆರಳು ದಪ್ಪ ಬೂಷ್ಟು. ಹಾಗಾಗಿ ಬೆಲ್ಲ ಬೇಡ. ಸಕ್ಕರೆ ಕಾರ್ಖಾನೆಗಳು ಜಿಲ್ಲೆಯ ತುಂಬ ಇದ್ದರೂ ಅಲ್ಲಿಂದ ನೇರವಾಗಿ ತರುವ ಯೋಚನೆ ಮಾಡಬೇಡಿ, ಕಾಕಂಬಿ ಅಬಕಾರಿ ನಿಯಂತ್ರಣದಲ್ಲಿರುವ ಮಾಲು. ದನದ ಆಹಾರದ ಅಂಗಡಿಯಲ್ಲಿ ಕ್ಯಾನಿನಲ್ಲಿ ಮಾರುವುದೇ ಸಾಕು. ಕಿಲೋಗೆ ಹದಿನೆಂಟು ರೂಪಾಯಿಯಂತೆ ನೂರಹತ್ತು ಕಿಲೋ ತಂದೆ, ಹೆಚ್ಚುಕಡಿಮೆ ಎರಡು ಸಾವಿರ ಆಯಿತು.

ಹಿತ್ತಲಿನಲ್ಲಿ ಐದು ಅಡಿ ಉದ್ದ, ನಾಲ್ಕು ಅಡಿ ಅಗಲ, ಒಂದೂಕಾಲು ಅಡಿ ಆಳಕ್ಕೆ ಇಟ್ಟಿಗೆ ಜೋಡಿಸಿ, ಒಳಗೆ ಕೃಷಿ ಹೊಂಡಕ್ಕೆ ಹಾಸುವ ದಪ್ಪ ಹಾಳೆ ಹಾಸಿದೆ. ಹಾಳೆಗೆ ಸಾವಿರದ ನಾನೂರು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು. ಇದಕ್ಕಿಂತ ಗಟ್ಟಿ ಮಾಡಿದರೆ ಕೆಲಸ ಬೇಗ ಆಗುವುದಿಲ್ಲ, ತೊಳೆಯುವುದು ಮಾತ್ರ ಕಷ್ಟವಾಗುತ್ತದೆ. ಬಣ್ಣ ಮತ್ತು ಗ್ರೀಸ್ ಇದ್ದಲ್ಲಿ ಕಾಕಂಬಿ ಮುಟ್ಟುವುದೇ ಇಲ್ಲ. ಪೇಂಟ್ ರಿಮೂವರ್ ಹಚ್ಚಿ, ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು, ಸೋಪಿನ ನೀರು ಹಾಕಿ, ಆಮೇಲೆ ಮುಳುಗಿಸಬೇಕು. ತಗಡು ಪೂರ್ತಿ ಮುಳುಗಿರಬೇಕು. ಅರ್ಧ ಹೊರಗೆ ಇದ್ದರೆ ನೀರಿನ ಗೆರೆಯ ಗುಂಟ ತಗಡನ್ನು ಕೊರೆಯುತ್ತದೆ. ಬಾನೆಟ್ಟಿನ ಮೇಲೆ ಆ ಗೆರೆ ಬಿದ್ದು ನಾನು ಸೀಸದಿಂದ ತುಂಬಬೇಕಾಯಿತು.

ಏಪ್ರಿಲ್-ಮೇ ಬಿಸಿಲಿನಲ್ಲಿ ಹದಿನೈದು ದಿನಕ್ಕೆ ಆಗುವ ಕೆಲಸ ನಮ್ಮ ಜುಲೈ ತಿಂಗಳ ಜಡಿಮಳೆಯಲ್ಲಿ ಒಂದೂವರೆ ತಿಂಗಳಾದರೂ ಮುಗಿಯಲಿಲ್ಲ. ಇದು ಬಿಸಿಲುಗಾಲದ ವಿದ್ಯೆ. ಮೂರನೆಯ ದಿನ ನೊರೆ ಏಳುತ್ತದೆ, ಹುಳಿ ವಾಸನೆ ಬರುತ್ತದೆ, ಕಣಜ ಮತ್ತು ಜೇನು ಹುಳಗಳು ಮುತ್ತುತ್ತವೆ. ಸೊಳ್ಳೆಪರದೆ ಹೊದಿಸಿದೆ. ಪಕ್ಕದ ಮನೆಯ ಕಾಕಾ ಒಂದು ಸಂಜೆ ಕಾಂಪೌಂಡಿನ ಮೇಲಿಂದ ಇಣುಕಿ, ತಗ್ಗಿದ ದನಿಯಲ್ಲಿ, "ಏನಪ್ಪಾ, ಸಂಬಳ ಸಾಲುವುದಿಲ್ಲವೇ? ಹಿತ್ತಲಿನಲ್ಲಿ ಭಟ್ಟಿ ಇಳಿಸುತ್ತಿದ್ದೀಯಾ?" ಎಂದು ಕೇಳಿದರು. ಪರದೆ ಎತ್ತಿ ತೋರಿಸಿದೆ. ಆಗ ನೊರೆಯ ಕೆಳಗಿನಿಂದ ಬಾಗಿಲಿನ ಹಿಡಿಕೆಯ ತೂತು ಕಂಡಿತು. ನಂಬಿದರೋ ಇಲ್ಲವೋ ಗೊತ್ತಿಲ್ಲ, ಮರುದಿನ ತಮ್ಮ ಮನೆಯ ತುಕ್ಕು ಹಿಡಿದ ಕೊಡಲಿ ತಂದು ಕೊಟ್ಟರು.

ಮೊದಲ ಬಾಗಿಲು ಹೊರಗೆ ತೆಗೆದ ದಿನ ನನಗೆ ಚೆನ್ನಾಗಿ ನೆನಪಿದೆ. ಮೈಮೇಲೆ ಕಪ್ಪು ಲೋಳೆ. ಪ್ರೆಶರ್ ವಾಶರಿನ ನೀರು ಬಿದ್ದಲ್ಲೆಲ್ಲ ಲೋಳೆ ಚೂರುಚೂರಾಗಿ ಕಳಚಿ ಅದರ ಕೆಳಗೆ ಬೂದು ಬೆಳ್ಳಿಯ ತಗಡು ಕಾಣಿಸಿತು. ಒಳಮಗ್ಗುಲಿನಲ್ಲಿ, ಬ್ರಶ್ಶೂ ಹೋಗದ, ಗ್ರೈಂಡರೂ ಹೋಗದ ಜಾಗದಲ್ಲಿ, ಕುರ್ಲಾದಲ್ಲಿ ಹೊಡೆದ ಸ್ಪಾಟ್ ವೆಲ್ಡಿಂಗಿನ ಗುಂಡು ಗುರುತುಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿದ್ದವು. ಮಡಿಕೆಯ ಸಂದಿಗೆ ಹ್ಯಾಕ್‌ಸಾ ಬ್ಲೇಡಿನ ತುದಿ ಹಾಕಿ ಎಳೆದೆ, ಕೆಂಪು ಪುಡಿ ಬರಲಿಲ್ಲ. ಆಸಿಡ್ ಸೋತಿದ್ದೇ ಈ ಸಂದಿಯಲ್ಲಿ.

ತೊಳೆದ ಮೇಲೆ ಸಮಯ ಬಹಳ ಕಡಿಮೆ. ಬಿಸಿಲಿನಲ್ಲಿ ನಿಂತು ನೋಡುತ್ತಿದ್ದಂತೆಯೇ ಹೊಸ ತುಕ್ಕು ಹತ್ತುತ್ತದೆ. ನಾನು ಬೆಳಿಗ್ಗೆ ಒಂಬತ್ತಕ್ಕೆ ತೆಗೆದರೆ ಮಧ್ಯಾಹ್ನ ಎರಡರ ಒಳಗೆ ಎಪಾಕ್ಸಿ ಪ್ರೈಮರ್ ಬಿದ್ದಿರುತ್ತದೆ. ವಾಶಿಂಗ್ ಸೋಡಾ ನೀರಿನಲ್ಲಿ ಒಂದು ಜಾಲು, ಶುದ್ಧ ನೀರಿನಲ್ಲಿ ಎರಡು ಜಾಲು, ಕಾಂಪ್ರೆಸರ್ ಗಾಳಿ, ಥಿನ್ನರ್ ಒರೆಸು. ಕೊನೆಯ ಜಾಲಿನ ನೀರಿಗೆ ನಾನು ಇನ್ನೊಂದು ವಸ್ತು ಬೆರೆಸುತ್ತೇನೆ. ಅದರಿಂದ ಎರಡು ದಿನದ ತನಕ ಹೊಸ ತುಕ್ಕು ಹತ್ತುವುದಿಲ್ಲ. ಅದು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಎಂಟು ಸಲ ಕೆಟ್ಟ ಮೇಲೆ ಕೈಗೆ ಸಿಕ್ಕಿದ್ದು, ಸ್ವಲ್ಪ ದಿನ ನನ್ನ ಬಳಿಯೇ ಇರಲಿ.

ಅಲ್ಯೂಮಿನಿಯಂ ಮತ್ತು ಸತುವಿನ ವಸ್ತುಗಳನ್ನು ಮಾತ್ರ ಇದರಲ್ಲಿ ಹಾಕಲೇಬೇಡಿ. ಒಂದು ರಾತ್ರಿ ಇರಲಿ ಎಂದು ಸೋಲೆಕ್ಸ್ ಕಾರ್ಬ್ಯುರೇಟರಿನ ದೇಹವನ್ನು ಹಾಕಿ ಮರೆತೆ. ಆರನೆಯ ದಿನ ತೆಗೆದಾಗ ಕಪ್ಪಾಗಿ, ಮೈಯೆಲ್ಲ ಸಿಡುಬಿನ ಕಲೆ ಬಿದ್ದಂತೆ ಕೊರೆದಿತ್ತು. ಬೇರೊಂದಕ್ಕೆ ಮೂರು ಸಾವಿರದ ಇನ್ನೂರು ತೆತ್ತೆ. ಎಂಜಿನ್ ಹೆಡ್ ಅಲ್ಯೂಮಿನಿಯಂ ಎಂಬುದು ಆಗ ನೆನಪಾಗಿ ಎದೆ ಧಸಕ್ಕೆಂದಿತು. ಅದನ್ನೂ ಹಾಕುವವನಿದ್ದೆ.

ದೇಹದ ವೆಲ್ಡಿಂಗ್ ಬಗ್ಗೆ ಒಂದೇ ಮಾತು ಹೇಳುತ್ತೇನೆ. ಪದ್ಮಿನಿಗೆ ಬೇರೆ ಚಾಸಿ ಇಲ್ಲ, ಬಾಗಿಲ ಕೆಳಗಿನ ಪಟ್ಟಿಯೇ ಬೆನ್ನುಮೂಳೆ. ಎಡಗಡೆಯ ಪಟ್ಟಿಯನ್ನು ನಾನು ಆಸರೆ ಕೊಡದೆ ಕತ್ತರಿಸಿದೆ. ಹೊಸ ಪಟ್ಟಿ ಬೆಸೆದ ಮೇಲೆ ಬಾಗಿಲು ಹಾಕಿ ನೋಡಿದರೆ ಮೇಲೆ ಮೂರು ಮಿಲಿಮೀಟರ್ ಸಂದಿ, ಕೆಳಗೆ ಹತ್ತು. ಗಾಡಿ ನಡು ಬಗ್ಗಿಸಿತ್ತು. ಎಲ್ಲವನ್ನೂ ಮತ್ತೆ ಕತ್ತರಿಸಿ, ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಒಂದಿಂಚಿನ ಪೈಪು ಬೆಸೆದು, ಜಾಕ್ ಕೊಟ್ಟು ಎತ್ತಿ, ಆರು ಭಾನುವಾರ ಆ ಒಂದು ಬದಿಗೆ ಹೋಯಿತು. ಬಲಗಡೆ ಎರಡೇ ಭಾನುವಾರದಲ್ಲಿ ಮುಗಿಯಿತು. ನೆಲಕ್ಕೆ ಹದಿನೆಂಟು ಗೇಜ್, ಮಡ್‌ಗಾರ್ಡಿನ ತೇಪೆಗೆ ಇಪ್ಪತ್ತು ಗೇಜ್ ತಗಡು. ಮಿಗ್ ವೆಲ್ಡಿಂಗ್ ಮೆಷಿನ್ ಹತ್ತೊಂಬತ್ತು ಸಾವಿರ ಕೊಟ್ಟು ಕೊಂಡೆ. ಗ್ಯಾಸು, ತಂತಿ, ತಗಡು ಮತ್ತೆ ಅಷ್ಟೇ ಆಯಿತು. ಮಡ್‌ಗಾರ್ಡಿನ ಗುಂಡಗಿನ ತಿರುವುಗಳನ್ನು ನನ್ನಿಂದ ತಟ್ಟಲು ಆಗಲಿಲ್ಲ. ಅದನ್ನು ಉಸ್ತಾದರೇ ಮಾಡಿದರು. ಡಾಲಿ (ತಗಡಿನ ಹಿಂದೆ ಆನಿಸುವ ಕಬ್ಬಿಣದ ಗಟ್ಟಿ) ಹಿಡಿದು, ಕಣ್ಣು ಮುಚ್ಚಿ, ಅಂಗೈಯಿಂದ ಸವರಿ ಉಬ್ಬು ಕಂಡುಹಿಡಿಯುವ ಆ ಕೈಗೆ ನಾನು ದಿನಕ್ಕೆ ಸಾವಿರದ ಇನ್ನೂರರಂತೆ ಒಂಬತ್ತು ದಿನದ ಕೂಲಿ ಕೊಟ್ಟೆ. ಅದು ಕಡಿಮೆಯೇ.

ಈಗ ಎಂಜಿನ್. ಸೀಜ್ ಆಗಿತ್ತು. ಪ್ಲಗ್ ತೂತುಗಳಲ್ಲಿ ಡೀಸೆಲ್ ಮತ್ತು ಗೇರ್ ಆಯಿಲ್ ತುಂಬಿ ಹತ್ತು ದಿನ ಬಿಟ್ಟ ಮೇಲೆ ತಿರುಗಿತು. ಬಿಚ್ಚಿ ಅಳೆದರೆ ಸಿಲಿಂಡರಿನ ಬೋರ್ (ಒಳತೂತು) ಹಿಂದೆಯೇ ಎರಡು ಸಲ ಕೊರೆಸಿದ್ದು. ಉದ್ಯಮಬಾಗಿನಲ್ಲಿ ಲೈನರ್ ಕೊಳವೆ ಹೊಡೆಸಿ ಮೂಲದ 68 ಮಿಲಿಮೀಟರಿಗೆ ತರುವುದೆಂದು ನಿರ್ಧರಿಸಿದೆ. ಅದಕ್ಕೂ ಮೊದಲು, ಕ್ರ್ಯಾಂಕು, ಕ್ಯಾಮು, ಪಿಸ್ಟನ್ ಎಲ್ಲ ತೆಗೆದು ಬರೀ ಬ್ಲಾಕನ್ನು ಕಾಕಂಬಿಯಲ್ಲಿ ಮುಳುಗಿಸಬೇಕೆಂದು ನನಗೆ ಹೊಳೆಯಿತು. ನೀರು ಹರಿಯುವ ಒಳಗಿನ ಖಾನೆಗಳಲ್ಲಿ ನಲವತ್ತು ವರ್ಷದ ತುಕ್ಕು ಕೂತಿರುತ್ತದೆ. ಫಿಯೆಟ್ ಘಾಟಿನಲ್ಲಿ ಕುದಿಯುವುದು ಅದರಿಂದಲೇ ಎಂದು ನನ್ನ ಬಲವಾದ ನಂಬಿಕೆ. ಜನ ರೇಡಿಯೇಟರ್ ಬದಲಿಸುತ್ತಾರೆ, ಫ್ಯಾನ್ ಬದಲಿಸುತ್ತಾರೆ, ಬ್ಲಾಕಿನ ಒಳಗೆ ಯಾರೂ ಕೈ ಹಾಕುವುದಿಲ್ಲ.

ಇದನ್ನು ಕೇಳಿ ಬೋರಿಂಗ್ ಅಂಗಡಿಯ ಹಿರಿಯರೊಬ್ಬರು, "ಮೆಷಿನಿಂಗ್ ಆದ ಮುಖವನ್ನೆಲ್ಲ ಅದು ತಿಂದು ಹಾಕುತ್ತದೆ, ಆಮೇಲೆ ನನ್ನ ಬಳಿ ಬರಬೇಡಿ" ಎಂದರು. ಪ್ರತಿ ಐದು ದಿನಕ್ಕೊಮ್ಮೆ ಎತ್ತಿ ಬೋರ್ ಗೇಜ್ ಹಿಡಿದು ಬೇರಿಂಗ್ ಕೂರುವ ಜಾಗಗಳನ್ನು ಅಳೆದೆ. ಮುಳ್ಳು ಅಲುಗಲಿಲ್ಲ. ಇಪ್ಪತ್ತೈದು ದಿನದ ನಂತರ ಬದಿಯ ವೆಲ್ಚ್ ಪ್ಲಗ್ಗುಗಳ ತೂತಿನಿಂದ ನೀರು ಹೊಡೆದಾಗ ಅರ್ಧ ಬಕೆಟ್ ಕಪ್ಪು ರಾಡಿ ಬಂತು. ಹೆಚ್ಚಿನದು ನಾಲ್ಕನೆಯ ಸಿಲಿಂಡರಿನ ಹಿಂಬದಿಯಿಂದ. ಟಾರ್ಚ್ ಹಾಕಿ ನೋಡಿದರೆ ಒಳಗೆ ಎರಕದ ಮರಳಿನ ಒರಟು ಗುರುತು ಕೂಡ ಕಾಣುತ್ತಿತ್ತು.

ಲೈನರು, ಪಿಸ್ಟನ್ ಸೆಟ್ಟು, ಇಪ್ಪತ್ತು ಥೌ (ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ) ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗು, ಗೈಡು, ಹೆಡ್ ಫೇಸಿಂಗ್, ಗ್ಯಾಸ್ಕೆಟ್ಟು ಎಲ್ಲ ಸೇರಿ ನಲವತ್ತೊಂದು ಸಾವಿರ. ಪಿಸ್ಟನ್ನಿಗಾಗಿ ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಎರಡು ದಿನ ಅಲೆದೆ. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳು ಕಡಿಮೆಯಾದಂತೆ ಅಲ್ಲಿಯ ಮಾಲೂ ಕಡಿಮೆಯಾಗಿದೆ. 2023ರ ಅಕ್ಟೋಬರಿನಲ್ಲಿ ಕೊನೆಯ ಟ್ಯಾಕ್ಸಿಯೂ ರಸ್ತೆಯಿಂದ ಇಳಿಯಿತು. ಬೇಕಾದವರು ಈಗಲೇ ಕೊಂಡಿಟ್ಟುಕೊಳ್ಳಿ.

2022ರ ಜನವರಿಯಲ್ಲಿ ಎಂಜಿನ್ ಮೊದಲ ಸಲ ಮಾತಾಡಿತು. ಬಣ್ಣವಿಲ್ಲದ ಕಾರನ್ನು ಅಕ್ಕಪಕ್ಕದಲ್ಲಿ ಓಡಿಸಿದೆ. ನೂರಾಎಂಬತ್ತು ಕಿಲೋಮೀಟರ್ ಆಗಿತ್ತು. ಹಲಗಾದ ಹತ್ತಿರ, ಸುವರ್ಣ ವಿಧಾನಸೌಧ ಕಾಣುವ ಜಾಗದಲ್ಲಿ, ಆಯಿಲ್ ದೀಪ ಮಿನುಗಿತು. ಎರಡು ನಿಮಿಷದಲ್ಲಿ ಕೆಳಗಿನಿಂದ ಟಕ್ ಟಕ್ ಎಂಬ ಸದ್ದು. ಆರಿಸಿ, ಕಟ್ಟಿ ಎಳೆಸಿಕೊಂಡು ಬಂದೆ. ಬೆಳಗಾವಿಯ ಹಳೆ ಕಾರಿನವರ ನಡುವೆ ಸುದ್ದಿ ಸಂಜೆಯ ಒಳಗೆ ಹರಡಿತು: ಬೆಲ್ಲದ ಪಾಕ ಬೇರಿಂಗಿಗೆ ಹೋಗಿದೆ, ಎಂಜಿನ್ ಹೋಯಿತು. ಒಬ್ಬರು ಫೋನ್ ಮಾಡಿ ಗುಜರಿಗೆ ಕೊಡುವುದಾದರೆ ಬಾನೆಟ್ ತಮಗಿರಲಿ ಎಂದರು. ನನ್ನ ಹೆಂಡತಿ ಆ ರಾತ್ರಿ ಖರ್ಚಿನ ಮಾತನ್ನು ಎತ್ತಲಿಲ್ಲ; ಅದೇ ನನಗೆ ಹೆಚ್ಚು ಭಾರವಾಯಿತು.

ಒಂದು ವಾರ ಕೈ ಹಾಕಲಿಲ್ಲ. ಆಮೇಲೆ ಸಂಪ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚಿದೆ. ಬಿಗ್ ಎಂಡ್ ಬೇರಿಂಗುಗಳ ಮೇಲೆ ಉಗುರಿನಿಂದ ಗೀಚಿದಂತೆ ಗೆರೆಗಳು, ಬಿಳಿ ಲೋಹದಲ್ಲಿ ಕಪ್ಪು ಕಣಗಳು ಹೂತುಕೊಂಡಿದ್ದವು. ಕಣಗಳನ್ನು ಸೂಜಿಯಿಂದ ಕಿತ್ತು ನಾಲಿಗೆಗೆ ಹಚ್ಚಿ ನೋಡಿದೆ: ಸಿಹಿಯಿಲ್ಲ, ಮರಳು. ಅಯಸ್ಕಾಂತಕ್ಕೆ ಹಿಡಿದರೆ ಕೆಲವು ಅಂಟಿದವು. ಆಗ ತಪ್ಪು ಎಲ್ಲಿದೆಯೆಂದು ಗೊತ್ತಾಯಿತು. ಬ್ಲಾಕಿನ ಉದ್ದಕ್ಕೂ ಹೋಗುವ ಆಯಿಲ್ ದಾರಿಯ ತುದಿಯ ಮುಚ್ಚಳಗಳನ್ನು ನಾನು ತೆಗೆದಿರಲಿಲ್ಲ. ಗಾಳಿ ಹೊಡೆದು, ಇನ್ನೊಂದು ಕಡೆ ಗಾಳಿ ಬಂತು ಎಂದು ತೃಪ್ತನಾಗಿದ್ದೆ. ಡ್ರಿಲ್ ಹಾಕಿ ಆ ಮುಚ್ಚಳಗಳನ್ನು ತೆಗೆದಾಗ, ತುದಿಯಲ್ಲಿ ಕಾಡಿಗೆಯಂತಹ ಕಪ್ಪು ಮಡ್ಡಿ ಒಂದಿಂಚು ಗಟ್ಟಿಯಾಗಿ ಕೂತಿತ್ತು. ಹಳೆಯ ಆಯಿಲಿನ ಮಡ್ಡಿ, ಕರಗಿ ಬಂದ ತುಕ್ಕು, ಬೋರಿಂಗಿನ ಪುಡಿ ಎಲ್ಲ ಅದರಲ್ಲೇ. ಬಿಸಿ ಆಯಿಲ್ ಓಡಾಡಿದಂತೆ ಅದು ಸ್ವಲ್ಪ ಸ್ವಲ್ಪವೇ ಬಿಟ್ಟುಕೊಂಡು ಬೇರಿಂಗಿಗೆ ಹೋಗಿದೆ. ಕಾಕಂಬಿಯ ತಪ್ಪು ಇದರಲ್ಲಿ ಏನೂ ಇರಲಿಲ್ಲ. ತೊಳೆದದ್ದು ಸಾಲದಾಗಿತ್ತು.

ಡೈರಿಯಲ್ಲಿ ಹಾಲಿನ ಕೊಳವೆ ತೊಳೆಯುವ ಉದ್ದನೆಯ ನೈಲಾನ್ ಬ್ರಶ್ ಇರುತ್ತದಲ್ಲ, ಅದು ಆಯಿಲ್ ದಾರಿಗೆ ಅಳತೆ ಕೊಟ್ಟು ಮಾಡಿಸಿದಂತೆ ಹೊಂದಿತು. ಸೀಮೆಎಣ್ಣೆ, ಬ್ರಶ್, ಗಾಳಿ. ಮತ್ತೆ ಸೀಮೆಎಣ್ಣೆ, ಬ್ರಶ್, ಗಾಳಿ. ಬಿಳಿ ಬಟ್ಟೆಯ ಮೇಲೆ ಕಲೆ ಬೀಳುವುದು ನಿಲ್ಲುವ ತನಕ ನಾಲ್ಕು ಸಂಜೆ ಮಾಡಿದೆ. ತುದಿಗಳಿಗೆ ಟ್ಯಾಪ್ ಹಾಕಿ ಅಲೆನ್ ಪ್ಲಗ್ ಕೂರಿಸಿದೆ, ಇನ್ನು ಮುಂದೆ ಬೇಕೆಂದಾಗ ಬಿಚ್ಚಿ ನೋಡಬಹುದು. ಕ್ರ್ಯಾಂಕ್ ಮೂವತ್ತು ಥೌಗೆ ಇಳಿಯಿತು. ಮತ್ತೆ ಹದಿನಾರು ಸಾವಿರ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿಟ್ಟು, ಆಯಿಲ್ ದೀಪ ಆರುವ ತನಕ ಸ್ಟಾರ್ಟರ್ ತಿರುಗಿಸಿ, ಆಮೇಲೆ ಜೀವ ಕೊಟ್ಟೆ. ಆ ಎಂಜಿನ್ ಈಗ ನಾಲ್ಕು ಸಾವಿರ ಕಿಲೋಮೀಟರ್ ದಾಟಿದೆ, ಆಯಿಲ್ ಕುಡಿಯುವುದು ಇಲ್ಲವೆನ್ನುವಷ್ಟು ಕಡಿಮೆ.

ಸಸ್ಪೆನ್ಷನ್ನಿನಲ್ಲಿ ಕಾಕಂಬಿಗೆ ಸುಲಭದ ಕೆಲಸ. ಮುಂದಿನ ತೋಳುಗಳು, ಆ್ಯಂಟಿರೋಲ್ ಬಾರ್, ಹಿಂದಿನ ಕಮಾನು ಪಟ್ಟಿಯ ಎಲೆಗಳು, ಎಲ್ಲವೂ ಇನ್ನೂರು ಲೀಟರಿನ ಡ್ರಮ್ಮಿನಲ್ಲಿ ಸ್ವಚ್ಛವಾದವು. ಮುಂದಿನ ಕಾಯಿಲ್ ಸ್ಪ್ರಿಂಗನ್ನು ಜಾಕು ಮತ್ತು ಸರಪಳಿಯಿಂದ ಬಿಚ್ಚುವಾಗ ಕೊಂಡಿ ಜಾರಿತು. ಸ್ಪ್ರಿಂಗು ನನ್ನ ಮೊಣಕಾಲಿನ ಪಕ್ಕದಿಂದ ಹಾರಿ ಕಾಂಪೌಂಡಿನ ಇಟ್ಟಿಗೆಯೊಂದನ್ನು ಒಡೆದು ಬಿತ್ತು. ಆ ಒಡೆದ ಇಟ್ಟಿಗೆಯನ್ನು ನೋಡಿದ ಮರುದಿನವೇ ಎರಡು ಉದ್ದ ಬೋಲ್ಟು ಮತ್ತು ದಪ್ಪ ಪಟ್ಟಿಯಿಂದ ಸ್ಪ್ರಿಂಗ್ ಒತ್ತಿಹಿಡಿಯುವ ಕಂಪ್ರೆಸರ್ ಮಾಡಿಕೊಂಡೆ. ಜಾಕಿನ ಭರವಸೆಯ ಮೇಲೆ ಯಾರೂ ಆ ಸ್ಪ್ರಿಂಗ್ ಮುಟ್ಟಬೇಡಿ.

ಬುಶ್‌ಗಳನ್ನು ಲೇತಿನಲ್ಲಿ ನೈಲಾನಿನಿಂದ ಕಡೆದು ಹಾಕಿದೆ. ಅಳತೆ ಕೂದಲೆಳೆ ತಪ್ಪಿಲ್ಲ, ಆದರೆ ರಸ್ತೆಯ ಪ್ರತಿ ಉಬ್ಬಿಗೂ ಎತ್ತಿನ ಗಾಡಿಯ ಅಚ್ಚಿನಂತೆ ಕಿರುಗುಟ್ಟಿತು. ಎರಡು ತಿಂಗಳಲ್ಲಿ ತೆಗೆದೆಸೆದು ರಬ್ಬರಿಗೆ ಮರಳಿದೆ. ರಬ್ಬರ್ ಬುಶ್ ಅಚ್ಚು ಹಾಕಿ ಕೊಡುವವರು ಇಚಲಕರಂಜಿಯ ಕಡೆ ಒಬ್ಬರಿದ್ದಾರೆ. ವಿಳಾಸ ಬೇಕಾದವರು ತಮ್ಮ ಬಳಿ ಇರುವ ಒಳ್ಳೆಯ ವಿಳಾಸವೊಂದನ್ನು ನನಗೆ ಕೊಡಲಿ. ಕಮಾನು ಪಟ್ಟಿಗಳಿಗೆ ಹೊಸದಾಗಿ ಬಾಗು ಕೊಡಿಸಿದ್ದು ಮೊದಲ ಸಲ ಹೆಚ್ಚಾಯಿತು, ಹಿಂಭಾಗ ಮೂರು ಇಂಚು ಎದ್ದು ನಿಂತಿತು. ಮತ್ತೆ ಬಿಚ್ಚಿ ಒಂದು ಎಲೆ ತೆಗೆಸಿ, ಎಲೆಗಳ ನಡುವೆ ಗ್ರ್ಯಾಫೈಟ್ ಗ್ರೀಸ್ ಸವರಿ ಕಟ್ಟಿಸಿದೆ. ಕಿಂಗ್‌ಪಿನ್, ಶಾಕ್ ಅಬ್ಸಾರ್ಬರ್ ಎಲ್ಲ ಸೇರಿ ಮೂವತ್ತೆರಡು ಸಾವಿರ.

ಪೆಟ್ರೋಲ್ ಟ್ಯಾಂಕಿನದು ಬೇರೆಯೇ ಕತೆ. ಅದಕ್ಕೆ ಕಾಕಂಬಿ ತುಂಬಿದರೆ ಒಳಗಿನ ತಡೆತಗಡುಗಳ ಹಿಂದೆ ಲೋಳೆ ಉಳಿಯುತ್ತದೆಂದು ಭಯ. ವಾಶಿಂಗ್ ಸೋಡಾ ನೀರು, ಬ್ಯಾಟರಿ ಚಾರ್ಜರು, ಟ್ಯಾಂಕಿಗೆ ತಾಗದಂತೆ ಇಳಿಬಿಟ್ಟ ಕಬ್ಬಿಣದ ಸರಳು ಇಟ್ಟು ಕರೆಂಟಿನ ಪ್ರಯೋಗ ಮಾಡಿದೆ. ಒಳ್ಳೆಯ ವಿಧಾನ, ಆದರೆ ಸರಳಿಗೆ ಎದುರಾಗಿರುವ ಮುಖ ಮಾತ್ರ ಸ್ವಚ್ಛವಾಗುತ್ತದೆ. ಕೊನೆಗೆ ಮಾವನ ಹೊಲಕ್ಕೆ ಒಯ್ದು, ಒಂದು ಬೊಗಸೆ ನಟ್ಟು ಮತ್ತು ಎರಡು ಬೊಗಸೆ ಜಲ್ಲಿ ಟ್ಯಾಂಕಿನೊಳಗೆ ಹಾಕಿ, ಹಳೆಯ ಗೋಣಿಯಲ್ಲಿ ಸುತ್ತಿ, ಜಾಕ್ ಕೊಟ್ಟು ಎತ್ತಿದ ಟ್ರ್ಯಾಕ್ಟರಿನ ಹಿಂದಿನ ಗಾಲಿಗೆ ಹಗ್ಗದಿಂದ ಬಿಗಿದೆವು. ಸಣ್ಣ ಗೇರಿನಲ್ಲಿ ಒಂದೂವರೆ ತಾಸು ತಿರುಗಿಸಿದೆವು. ಊರಿನ ಮಕ್ಕಳೆಲ್ಲ ನೆರೆದರು. ಒಳಗೆ ಕನ್ನಡಿಯಾಗಿತ್ತು. ಸಣ್ಣ ಬೋಲ್ಟುಗಳಿಗೆ ಹುಣಸೆ ಹಣ್ಣಿನ ನೀರು ಸಾಕು, ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಎದ್ದು ತೊಳೆಯುವುದೊಂದೇ ಕೆಲಸ.

ಬಣ್ಣಕ್ಕೆ ಅವಸರಪಟ್ಟು 2023ರ ಜುಲೈಯಲ್ಲಿ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಹೊಡೆದೆ. ಹೊರಗೆ ಮಳೆ ಸುರಿಯುತ್ತಿತ್ತು. ಬಾನೆಟ್ಟಿನ ತಿಳಿ ನೀಲಿಯ ಮೇಲೆ ಹಾಲು ಚೆಲ್ಲಿದಂತೆ ಬಿಳುಪು ಹರಡಿತು. ಒಂಬತ್ತು ಸಾವಿರದ ಬಣ್ಣವನ್ನು ವಾಟರ್ ಪೇಪರಿನಿಂದ ತಿಕ್ಕಿ ತೆಗೆದೆ. ದೀಪಾವಳಿಯ ನಂತರ, ಗಾಳಿ ಒಣಗಿದ ಮೇಲೆ, ಪಿಯು (ಪಾಲಿಯುರೆಥೇನ್) ಬಣ್ಣ ತಂದು ಹೊಡೆದೆ. ಅದು ನಲವತ್ತಾರು ಸಾವಿರ. ಸಂದಿಗಳಲ್ಲಿ ಒಂದು ಗುಳ್ಳೆಯೂ ಇಂದಿನ ತನಕ ಎದ್ದಿಲ್ಲ.

ಗಾಜಿನ ರಬ್ಬರು, ಕ್ರೋಮು, ವೈರಿಂಗು, ಸ್ಟಾರ್ಟರು, ಸೀಟು, ಟಯರು, ಆರ್‌ಸಿ ನವೀಕರಣ ಎಲ್ಲವನ್ನೂ ಕೂಡಿಸಿದರೆ ಒಟ್ಟು ಮೂರೂವರೆ ಲಕ್ಷ ಮತ್ತು ಮೂರು ಲಕ್ಷ ಅರವತ್ತು ಸಾವಿರದ ನಡುವೆ ನಿಲ್ಲುತ್ತದೆ. ಅದರಲ್ಲಿ ತಪ್ಪುಗಳಿಗೆ ಹೋದದ್ದೇ ನಲವತ್ತು ಸಾವಿರದ ಮೇಲೆ. ಕಾಕಂಬಿಗೆ ಒಟ್ಟು ಖರ್ಚಾದದ್ದು ಹಾಳೆಯ ಸಮೇತ ಮೂರೂವರೆ ಸಾವಿರ, ಮತ್ತು ಅದೇ ನೀರನ್ನು ಏಳು ತಿಂಗಳು ಬಳಸಿದೆ.

ಚೋರ್ಲಾದಿಂದ ಬಂದ ಮರುವಾರ ಉಸ್ತಾದ್ ತಮ್ಮ ಮಗನ ಕೈಯಲ್ಲಿ ಹಳೆಯ ಅಂಬಾಸಿಡರಿನ ಎರಡು ಮಡ್‌ಗಾರ್ಡ್ ಕಳುಹಿಸಿದರು. ಚೀಟಿ ಇರಲಿಲ್ಲ, ಫೋನೂ ಬರಲಿಲ್ಲ. ಹೊಂಡಕ್ಕೆ ಹೊಸ ಕಾಕಂಬಿ ತುಂಬಿದ್ದೇನೆ, ಬಿಸಿಲು ಬಲಿತರೆ ಯುಗಾದಿಯ ಹೊತ್ತಿಗೆ ತೆಗೆಯಬಹುದು. ಪದ್ಮಿನಿಯ ಹಿಂದಿನ ಆಕ್ಸಲ್ಲಿನ ಬಲಗಡೆ ಆಯಿಲ್ ಸೀಲ್ ಸಣ್ಣಗೆ ಸೋರುತ್ತಿದೆ. ಬರುವ ಭಾನುವಾರ ಡ್ರಮ್ ಬಿಚ್ಚಬೇಕು.